ಎರಡನೇ ಗೇರಿನ ಕೆಮ್ಮು

ಅಪ್ಪ ತೀರಿಹೋದದ್ದನ್ನು ನಾವು ಅಜ್ಜಿಯಿಂದ ಮುಚ್ಚಿಟ್ಟಿರಲಿಲ್ಲ. ಮೂರು ಸಲ ಹೇಳಿದ್ದೆವು. ಮೂರು ಸಲವೂ ಅವಳು ತಲೆಯಾಡಿಸಿ, “ಆಯ್ತು, ಗಾಡಿ ಬರ್ಲಿ, ಅವನನ್ನೇ ಕೇಳ್ತೀನಿ” ಅಂದಿದ್ದಳು.

ಗಾಡಿ ಎಂದರೆ ಅಪ್ಪನ ಹಳೇ ಜೀಪು. ಗುಡ್ಡದ ಮೇಲಿನ ವಿದ್ಯುತ್ ಗೋಪುರಗಳ ತಂತಿ ನೋಡಿಬರುವುದು ಅವನ ಕೆಲಸ. ದಾರಿಯೇ ಇಲ್ಲದಲ್ಲೂ ಆ ಜೀಪು ಹತ್ತುತ್ತಿತ್ತು. ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿದಾಗ ಅದು ಎರಡು ಸಲ ಕೆಮ್ಮಿ, ಆಮೇಲೆ ಹೊಟ್ಟೆಗೆ ಡಬ್ಬ ಕಟ್ಟಿಕೊಂಡಂತೆ ಖಡಖಡಿಸುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ಆ ಸದ್ದೇ ಗಡಿಯಾರ. ಕೆಮ್ಮು ಕೇಳಿದೊಡನೆ ಎದ್ದು ಎರಡು ತಟ್ಟೆ ಇಡುವಳು, ಮಗನಿಗೊಂದು, ತನಗೊಂದು.

ಈಗ ಕೆಮ್ಮೂ ಇಲ್ಲ, ತಟ್ಟೆಯೂ ಇಲ್ಲ. “ಅವನು ಬರ್ಲಿ, ಒಟ್ಟಿಗೆ ಉಣ್ತೀನಿ” ಎನ್ನುತ್ತ ಬಾಗಿಲ ಬಳಿಯ ಬೆತ್ತದ ಕುರ್ಚಿಯಲ್ಲೇ ತೂಕಡಿಸಿಬಿಡುವಳು. ಐದು ತಿಂಗಳಲ್ಲಿ ಅವಳ ಬಳೆ ಮೊಣಕೈವರೆಗೆ ಜಾರುವಂತಾಗಿತ್ತು. ಅವಳು ಒಂದೇ ಒಂದು ಸಂಜೆ ಹೊಟ್ಟೆತುಂಬ ಬಿಸಿ ಊಟ ಮಾಡಲಿ, ನನಗೆ ಬೇಕಾಗಿದ್ದದ್ದು ಇಷ್ಟೇ.

ಅಪ್ಪನ ಎದೆಬಡಿತ ನಿಂತ ದಿನ ಜೀಪು ಗುಡ್ಡದ ಬುಡದಲ್ಲೇ ಉಳಿದಿತ್ತು. ಸೋದರಮಾವ ಅದನ್ನು ಎಳೆಸಿ ತಂದು, ಎರಡು ಬೀದಿಯಾಚೆ ತನ್ನ ಮನೆಯ ಹಿತ್ತಿಲಲ್ಲಿ ತಗಡಿನ ಕೆಳಗೆ ನಿಲ್ಲಿಸಿದ್ದ. ಮಾವ ವೆಲ್ಡಿಂಗ್ ಕೆಲಸದವನು. ಅವನ ಅಂಗಿಗಳೆಲ್ಲ ಕಿಡಿ ಬಿದ್ದು ತೂತು ತೂತು. ಹಾಗಾಗಿ ನಮಗೆಲ್ಲ ಅವನು ಕಿಡಿಮಾವ.

“ಮಾವ, ಇದನ್ನ ಓಡೋ ಹಾಗೆ ಮಾಡೋಣ” ಎಂದೆ.

“ಇದನ್ನಾ? ಇದರೊಳಗೆ ಇಲಿ ಸಂಸಾರ ಹೂಡಿದೆ ಕಣೇ. ಮೊದಲು ಅವಕ್ಕೆ ಬೇರೆ ಮನೆ ನೋಡು.”

ಅಮ್ಮ ಮಾತ್ರ ನಗಲಿಲ್ಲ. “ಬೇಡ ಮಗಳೇ. ಆಸೆ ತೋರಿಸಿ ಕಸ್ಕೋಬಾರ್ದು” ಎಂದಳು. ನಾನು ಕೇಳಲಿಲ್ಲ. ಹಗಲುಗನಸಿಗೆ ಬಿದ್ದವಳಿಗೆ ಕಿವಿ ಎಲ್ಲಿಯದು?

ಮೂರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ತುಕ್ಕು ತಿಂದ ನೆಲವನ್ನು ಕತ್ತರಿಸಿ ಮಾವ ಹೊಸ ತಗಡು ಬೆಸೆದ. ನಾನು ಕಾರ್ಬುರೇಟರ್ ಬಿಚ್ಚಿ, ಸೂಜಿಮೊನೆಯಂಥ ರಂಧ್ರಗಳನ್ನು ಪೆಟ್ರೋಲಿನಲ್ಲಿ ತೊಳೆದೆ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂತು, ಒಣಗಿ ಬಿರುಕುಬಿಟ್ಟ ರಬ್ಬರುಗಳೆಲ್ಲ ಹೋದವು. ಕೊನೆಗೆ ಸೈಲೆನ್ಸರ್. ಅಪ್ಪ ಅದನ್ನು ತಂತಿಯಲ್ಲಿ ಕಟ್ಟಿಕೊಂಡು ವರ್ಷಗಟ್ಟಲೆ ನೂಕಿದ್ದ. ಹೊಸದನ್ನೇ ಹಾಕೋಣ ಎಂದವಳು ನಾನೇ. ಮಾವ ಕೊಕ್ಕೆಗಳನ್ನು ಅಲುಗದಂತೆ ಬೆಸೆದು, “ನೋಡು, ಈಗ ಬೆಕ್ಕಿನ ಮರಿ!” ಎಂದು ಬೀಗಿದ.

ಆ ಸಂಜೆಯೇ ಜೀಪನ್ನು ನಮ್ಮ ಬೀದಿಗೆ ತಿರುಗಿಸಿದೆ. ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಂದು ಬಾಗಿಲಲ್ಲಿ ನಿಂತಿತು. ಅಜ್ಜಿ ಕುರ್ಚಿಯಿಂದ ಏಳಲೇ ಇಲ್ಲ.

“ಯಾರಪ್ಪಾ ಅದು? ಮನೆ ತಪ್ಪಿ ಬಂದಿದೀರ ಅನ್ಸುತ್ತೆ” ಎಂದಳು.

ನಾವು ಎಲ್ಲವನ್ನೂ ಸರಿಮಾಡಿದ್ದೆವು, ಅದರ ಜೊತೆಗೆ ಅಪ್ಪನನ್ನೂ ಒರೆಸಿಹಾಕಿದ್ದೆವು. ಜೀಪನ್ನು ಹಾಗೇ ಹಿಂದಕ್ಕೆ ತೆಗೆದು ಮಾವನ ಹಿತ್ತಿಲಿಗೆ ಓಡಿಸಿದೆ.

“ಹಳೇ ಸೈಲೆನ್ಸರ್ ಎಲ್ಲಿ ಮಾವ?”

“ಗುಜರಿ ರಾಶಿಯಲ್ಲಿ. ಯಾಕೆ?”

ಹೇಳಿದೆ. ಮಾವ ಬಹಳ ಹೊತ್ತು ತಲೆ ಕೆರೆದುಕೊಂಡ. “ಕೆಟ್ಟಿದ್ದನ್ನ ರಿಪೇರಿ ಮಾಡಿದೀನಿ. ರಿಪೇರಿ ಆಗಿದ್ದನ್ನ ಕೆಡಿಸೋಕೆ ಕರೆದವಳು ನೀನೇ ಮೊದಲು” ಎಂದ. ಆಮೇಲೆ ಜೀಪಿನ ಕೆಳಗೆ ನುಸುಳಿದ. ತಾನೇ ಬೆಸೆದ ಕೊಕ್ಕೆಗಳನ್ನು ಕತ್ತರಿಸಿ, ತೂತುಬಿದ್ದ ಹಳೇ ಕೊಳವೆಯನ್ನು ಅಪ್ಪನ ಹಾಗೆಯೇ ತಂತಿಯಲ್ಲಿ, ಎರಡು ಸುತ್ತು ಸಡಿಲವಾಗಿ ಕಟ್ಟಿದ. ನಾನು ಕಾರ್ಬುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಪ್ಪಾಗಿ ತಿರುಗಿಸಿದೆ. ಖಾಲಿ ಬೀದಿಯಲ್ಲಿ ಆರು ಸಲ ಓಡಿಸಿ ನೋಡಿದೆವು. ಆರನೆಯ ಸಲ ಕೆಮ್ಮಿತು. ಮಾವ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ.

ಮರುದಿನ ಸಂಜೆ, ಬೀದಿ ದೀಪ ಹತ್ತುವ ಹೊತ್ತಿಗೆ, ಅದೇ ತಿರುವು. ಎರಡನೇ ಗೇರು. ಕೆಮ್ಮು, ಇನ್ನೊಂದು ಕೆಮ್ಮು, ಖಡಖಡ.

ಒಳಗೆ ತಟ್ಟೆಗಳ ಸದ್ದಾಯಿತು. ಎರಡು ತಟ್ಟೆ.

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಎಂಟು ತಿಂಗಳಿಂದ ನಾನು ಕಾಣದ ನಗೆ ಮುಖದ ತುಂಬ. “ಎಷ್ಟು ತಡ ಮಾಡ್ದೆಯೋ ಕತ್ತೆ! ಹೊಟ್ಟೆ ಹಸಿಯಲ್ವಾ ನಿಂಗೆ?”

ಚಿಕ್ಕಂದಿನಲ್ಲಿ ಅವಳು ನನಗೆ ಹೇಳುತ್ತಿದ್ದ ಕಥೆಗಳಲ್ಲಿ ಬಾಗಿಲು ತೆರೆದುಕೊಂಡಲ್ಲಿಗೆ ಕಥೆ ಮುಗಿಯುತ್ತಿತ್ತು. ಏಳು ಸಮುದ್ರ ದಾಟಿ ಹೋದವನು ಹೊಸ್ತಿಲಲ್ಲಿ ನಿಂತರೆ ಸಾಕು, ನಾನು ನಿದ್ದೆಹೋಗುತ್ತಿದ್ದೆ. ಸದ್ದು ಕೇಳಿದ ಮೇಲೆ ಏನು ಎಂದು ನಾನು ಯೋಚಿಸಿರಲೇ ಇಲ್ಲ.

ಅಜ್ಜಿ ಬಿಸಿ ಬಾನೆಟ್ಟನ್ನು ಸವರಿದಳು, ಬಾಗಿಲನ್ನು ಸವರಿದಳು, ಸ್ಟೀರಿಂಗ್ ಮೇಲಿದ್ದ ನನ್ನ ಕೈಯನ್ನು ಹಿಡಿದಳು. ಹಿಡಿದ ಬೆರಳುಗಳು ನಿಂತವು. ಮಣಿಕಟ್ಟಿನವರೆಗೆ ಹೋಗಿ ಮತ್ತೆ ಬೆರಳ ತುದಿಗೆ ಬಂದವು.

“ನೀನಾ?”

“ಹ್ಞೂಂ ಅಜ್ಜಿ.”

ಅವಳು ನನ್ನಾಚೆಗೆ ಕೈಚಾಚಿ ಪಕ್ಕದ ಸೀಟನ್ನು ತಡಕಿದಳು. ಬರೀ ಸೀಟು.

“ಗಾಡಿ ಬಂತಲ್ಲೇ... ಅವನು?”

ಎಂಜಿನ್ ಒಂದೇ ಸಮನೆ ಖಡಖಡಿಸುತ್ತಿತ್ತು. ಅಜ್ಜಿ ಅದನ್ನು ಪೂರ್ತಿ ಕೇಳಿಸಿಕೊಂಡಳು, ಯಾರೋ ಬಹಳ ದಿನದಿಂದ ಹೇಳುತ್ತಿದ್ದದ್ದನ್ನು ಕೊನೆಗೂ ಕೇಳಿಸಿಕೊಂಡ ಹಾಗೆ.

“ಆರಿಸು ಮಗಾ” ಎಂದಳು.

ಆರಿಸಿದೆ. ಅವಳು ನನ್ನ ಭುಜ ಹಿಡಿದು ಒಳಗೆ ನಡೆದಳು. ಇಟ್ಟಿದ್ದ ಎರಡು ತಟ್ಟೆಗಳಲ್ಲಿ ಒಂದನ್ನು ತಡಕಿ ಎತ್ತಿ, ಸೆರಗಿನಿಂದ ಒರೆಸಿ, ಗೂಡಿನೊಳಗೆ ಬೋರಲಾಗಿಟ್ಟಳು. ಇನ್ನೊಂದರ ಮುಂದೆ ಕುಳಿತಳು.

“ಬಡ್ಸು. ಇನ್ನು ಯಾರಿಗೆ ಕಾಯ್ಲಿ.”

ನಾನು ಬಡಿಸಿದೆ. ಹಬೆಯಾಡುವ ಊಟ. ಅವಳು ಒಂದೊಂದೇ ತುತ್ತು, ತಟ್ಟೆ ಖಾಲಿಯಾಗುವ ತನಕ ಉಂಡಳು. ನಾನು ಬೇಡಿದ್ದು ಅದನ್ನೇ ತಾನೇ.