ಒಂದು ಗಂಟೆಯ ಕೆಲಸದವಳು

ಬಾಯಿಬಿಟ್ಟರೆ ಬಣ್ಣ ಬಯಲಾಗುತ್ತದೆಂದು ಅಮ್ಮನ ಬಾಯಿಗೆ ಬೀಗ ಹಾಕಿದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ಈ ಬೀದಿಯಲ್ಲಿ ಗಡಿಯಾಚೆಯಿಂದ ಬಂದವರಿಗೆ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ. ಮಗಳು ತನ್ನ ಮಾತನ್ನು ಇಲ್ಲಿಯವರ ಹಾಗೆ ತಿದ್ದಿಕೊಂಡಿದ್ದಳು. ಅಮ್ಮನದು ಇನ್ನೂ ಆಚೆಯದೇ.

"ಓನರಮ್ಮ ಇವತ್ತು ಮನೆ ನೋಡಿ, ಕರಾರು ಮುಂದುವರಿಸೋಕೆ ಬರ್ತಾರೆ. ಒಂದು ಗಂಟೆ ನೀನು ಮನೆಕೆಲಸದವಳು ಅಂದ್ಕೋ. ಮಾತಾಡಬೇಡ. ನನಗೋಸ್ಕರ ಕಣಮ್ಮ," ಎಂದಿದ್ದಳು ಮಗಳು.

ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಒಪ್ಪಿದಳು. ಈ ಹೆತ್ತ ಕರುಳು ಅನ್ನುವುದಿದೆಯಲ್ಲ, ಹಾಳಾದ್ದು, ಅದಕ್ಕೆ ಬೇಗ ಬುದ್ಧಿ ಬರುವುದಿಲ್ಲ.

ಓನರಮ್ಮ ಬಂದವಳೇ ಗೋಡೆಗೆ ಹೊಡೆದ ಮೊಳೆಗಳನ್ನೆಲ್ಲ ನೋಡಿದಳು, ಬಚ್ಚಲ ನಲ್ಲಿ ತಿರುಗಿಸಿದಳು, ಆಮೇಲೆ ಸೋಫಾದ ಮೇಲೆ ಕೂತಳು. ಅಮ್ಮ ಚಹಾ ತಂದಿಟ್ಟು, ಅವಳಿಗೆಂದು ಎತ್ತಿದ ಲೋಟದಿಂದ ತಾನೇ ಒಂದು ಗುಟುಕು ಕುಡಿದುಬಿಟ್ಟಳು.

ಬೇಕೆಂದು ಮಾಡಿದ್ದಲ್ಲ. ನಿರಾಶ್ರಿತರ ಶಿಬಿರದಲ್ಲಿ ಯಾರೋ ಪಾಪಿ ಊಟಕ್ಕೆ ವಿಷ ಬೆರೆಸಿದ ಮೇಲೆ, ಅಡುಗೆ ಮಾಡಿದವರೇ ಎಲ್ಲರೆದುರು ಮೊದಲು ಬಾಯಿಗಿಡಬೇಕು ಅನ್ನುವುದು ರೂಢಿಯಾಗಿತ್ತು. ನಂಬಿ ಕುಡಿಯಿರಿ ಎಂದು ಹೇಳುವ ಮರ್ಯಾದೆ ಅದು. ಅಮ್ಮನ ಕೈ ಇನ್ನೂ ಅದನ್ನು ಬಿಟ್ಟಿರಲಿಲ್ಲ.

"ಥೂ! ಎಂಜಲು ಮಾಡಿ ಕೊಡ್ತಾಳಲ್ಲ!" ಓನರಮ್ಮ ಹಾರಿಬಿದ್ದಳು. "ಇದು ಶಿಬಿರದವರ ಬುದ್ಧಿ. ಇವಳು ಆ ಕಡೆಯವಳಾ?"

ಅಮ್ಮ ಮಗಳ ಮುಖ ನೋಡಿದಳು. ಈಗಲಾದರೂ ಹೇಳುತ್ತಾಳೆ ಅಂದುಕೊಂಡಳು.

"ನನಗೆ ಗೊತ್ತಿರಲಿಲ್ಲ ಮೇಡಂ," ಎಂದಳು ಮಗಳು. "ನಾಳೆನೇ ಕೆಲಸ ಬಿಡಿಸಿಬಿಡ್ತೀನಿ."

"ನಾಳೆವರೆಗೂ ಯಾಕೆ?" ಅಮ್ಮ ಬಾಯಿಬಿಟ್ಟಳು, ಅದೂ ಆಚೆಯ ಎಳೆತವನ್ನೆಲ್ಲ ಸೇರಿಸಿ. "ಇವತ್ತೇ ಹೋಗ್ತೀನಿ. ಆದ್ರೆ ಇವಳನ್ನ ಹೆತ್ತವಳು ನಾನೇ ಕಣಮ್ಮ. ನಾನು ಆ ಕಡೆಯವಳಾದ್ರೆ ಇವಳೂ ಆ ಕಡೆಯವಳೇ."

ಓನರಮ್ಮ ದಡಕ್ಕನೆ ಎದ್ದಳು. ತಿಂಗಳ ಕೊನೆಗೆ ಮನೆ ಖಾಲಿಯಾಗಬೇಕು ಎಂದು ಬಾಗಿಲಲ್ಲೇ ಹೇಳಿ ಹೋದಳು.

"ಒಂದು ಗಂಟೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?" ಮಗಳು ಕಿರುಚಿದಳು. "ಮನೆ ಹೋಯ್ತಲ್ಲ!"

"ಮನೆ ಹೋಗೋದು ನನಗೇನು ಹೊಸದಾ?" ಅಮ್ಮ ಸಿಟ್ಟಿನಿಂದ ಕೇಳಿದಳು. "ಗಡಿಯಲ್ಲಿ ಬಂದೂಕು ಹಿಡಿದವನು, ಈ ಮಗು ಯಾರದು ಅಂತ ಕೇಳಿದ. ನೀನು ಇಷ್ಟುದ್ದ ಇದ್ದೆ, ಗಡಗಡ ನಡುಗ್ತಿದ್ದೆ. ಆದ್ರೂ ನನ್ನ ಸೆರಗು ಹಿಡಿದು, ನಮ್ಮಮ್ಮ ಇವಳೇ ಅಂದೆ. ಇಲ್ಲಿ ಯಾರ ಕೈಯಲ್ಲೂ ಬಂದೂಕಿರಲಿಲ್ಲ ಕಣೇ."

ಅಮ್ಮ ಒಳಗೆ ಹೋಗಿ, ತನ್ನ ಬಟ್ಟೆಗಳನ್ನು ಮಾತ್ರ ಚೀಲಕ್ಕೆ ತುಂಬತೊಡಗಿದಳು.