ಹಿಂಬಾಗಿಲಿಗೆ ಬಿದ್ದ ಲ್ಯಾಕ್ಟೇಸ್

ನಾನು ಒಂದು ಕಿಣ್ವ. ಹೆಸರು ಲ್ಯಾಕ್ಟೇಸ್. ಹಾಲಿನ ಸಕ್ಕರೆಯನ್ನು ತುಂಡರಿಸುವುದು ನಮ್ಮ ಕುಲಕಸುಬು. ದಾವಣಗೆರೆಯ ಗರಡಿಯೊಂದರ ಉಸ್ತಾದ್, ಪೈಲ್ವಾನ್ ಬಸಲಿಂಗಪ್ಪನವರ ಸಣ್ಣ ಕರುಳಿನ ಒಂದು ಜೀವಕೋಶದಲ್ಲಿ ಹುಟ್ಟಿದೆ. ದಿನಾ ಬೆಳಿಗ್ಗೆ ಒಂದು ಚೊಂಬು ಎಮ್ಮೆ ಹಾಲು ಇಳಿಯುವ ಹೊಟ್ಟೆ. ನಮಗೆ ಇನ್ನೇನು ಬೇಕು?

ಆದರೆ ಕೆಲಸವಿರುವುದು ಕೋಶದ ಮುಂಬಾಗಿಲಲ್ಲಿ. ಹಾಲು ಹರಿಯುವುದು ಅಲ್ಲಿ. ನನಗಿಂತ ಒಂದು ದಿನ ಮೊದಲು ಹುಟ್ಟಿದವರು ಆಗಲೇ ಅಲ್ಲಿ ಸಾಲಾಗಿ ನಿಂತು, ಬಂದದ್ದನ್ನೆಲ್ಲ ಕತ್ತರಿಸುತ್ತಿದ್ದರು. ಹೊಟ್ಟೆಯಲ್ಲೇ ಹುಟ್ಟಿದವನಿಗೆ ಹೊಟ್ಟೆಕಿಚ್ಚು ಬಾರದೆ ಇದ್ದೀತೆ? ಒಬ್ಬನಾದರೂ ಉದುರಿ ಜಾಗ ಬಿಡಲಿ ಎಂದು ಹಾರೈಸಿದೆ.

ನನ್ನನ್ನು ಮಡಚಿ, ತಿದ್ದಿ, ಪುಟ್ಟ ಚೀಲವೊಂದಕ್ಕೆ ತುಂಬಿದರು. ಚೀಲ ಸಾಗಲು ಕೋಶದೊಳಗೆ ಸಣ್ಣ ಕಂಬಿಗಳ ದಾರಿಯಿದೆ. ಹೊರಟೆ.

ಅದೇ ಹೊತ್ತಿಗೆ ಪೈಲ್ವಾನರ ಕಾಲಿನ ಹೆಬ್ಬೆರಳು ಊದಿತು. ಗೌಟ್ ನೋವಿಗೆಂದು ಡಾಕ್ಟರು ಕಾಲ್ಚಿಸಿನ್ ಗುಳಿಗೆ ಬರೆದಿದ್ದರು.

“ಒಂದೇ ಅಂದಾರ್ರೀ ಡಾಕ್ಟ್ರು,” ಎಂದರು ಹೆಂಡತಿ ಶಿವಗಂಗಮ್ಮ.

“ಪೈಲ್ವಾನ್ ಮೈಗೆ ಒಂದು ಯಾವ ಮೂಲಿಗೆ ಸಾಲ್ತತಿ? ಮೂರು ಕೊಡು.”

ಗರಡಿಯವರ ಅಳತೆಯೇ ಹಾಗೆ. ಬಾದಾಮಿಯಾದರೂ ಗುಳಿಗೆಯಾದರೂ ಊರವರ ಮೂರು ಪಟ್ಟು. ಔಷಧ ಕೋಶಕ್ಕೆ ಇಳಿದದ್ದೇ ಕಂಬಿಗಳು ಒಂದೊಂದಾಗಿ ಕಳಚಿದವು. ನನ್ನ ಚೀಲ ದಾರಿ ತಪ್ಪಿ, ಅಲೆದು ಅಲೆದು, ರಕ್ತ ಹರಿಯುವ ಹಿಂಬಾಗಿಲಿಗೆ ಹೋಗಿ ಅಂಟಿತು. ಅಲ್ಲಿಗೆ ಹಾಲು ಬರುವುದೇ ಇಲ್ಲ. ಮುಂಬಾಗಿಲಿನವರು ಕತ್ತರಿಸಿದ ಸಕ್ಕರೆ ಮಾತ್ರ ನನ್ನ ಮೈ ಸವರಿಕೊಂಡು ರಕ್ತಕ್ಕೆ ಇಳಿಯುತ್ತಿತ್ತು. ಎಲ್ಲವೂ ಅವರದೇ ದುಡಿಮೆ. ನೋಡಲಾರದೆ ನೋಡಿದೆ.

ದಾರಿಯಿಲ್ಲದೆ ಮುಂಬಾಗಿಲಿಗೆ ಹೊಸಬರು ಬರಲಿಲ್ಲ. ಇದ್ದಷ್ಟು ಜನರಿಂದ ಚೊಂಬು ಹಾಲು ಅರಗಲಿಲ್ಲ. ಪೈಲ್ವಾನರು ಚೊಂಬು ಹಿಡಿದು ಹಿತ್ತಲಿಗೆ ಓಡಿದ್ದೇ ಓಡಿದ್ದು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

“ಎಮ್ಮಿ ಹಾಲೇ ಕೆಟ್ಟೈತಿ!”

“ಎಮ್ಮಿಗ್ಯಾಕ ಬೈತೀರಿ? ನುಂಗಿದ ಗುಳಿಗಿ ನೆನಸ್ಕೊಳ್ರಿ!”

ಗುಳಿಗೆ ನಿಂತಿತು. ಕಂಬಿಗಳು ಮತ್ತೆ ಜೋಡಣೆಯಾದವು. ನಿನ್ನೆ ಮೊನ್ನೆ ಹುಟ್ಟಿದ ಚಿಳ್ಳೆಪಿಳ್ಳೆಗಳೆಲ್ಲ ನೆಟ್ಟಗೆ ಮುಂಬಾಗಿಲಿಗೆ ಹೋದವು. ನನ್ನನ್ನು ಯಾರೂ ಕರೆಯಲಿಲ್ಲ.

ಕರುಳಿನ ಕೋಶಕ್ಕೆ ನಾಲ್ಕೈದು ದಿನದ ಆಯುಸ್ಸು. ಇಂದು ಬೆಳಿಗ್ಗೆ ನಮ್ಮದು ಗೋಡೆಯಿಂದ ಕಳಚಿ ಬಿದ್ದು ಒಡೆಯಿತು. ಮುಂಬಾಗಿಲಿನವರೂ ನಾನೂ ಒಟ್ಟಿಗೇ ಬೀದಿಪಾಲಾದೆವು. ಸುತ್ತ ನೋಡುತ್ತೇನೆ, ಹಾಲು! ಒಂದು ಸಕ್ಕರೆಯನ್ನು ಹಿಡಿದು ತುಂಡರಿಸಿದೆ. ಆಯುಸ್ಸಿನಲ್ಲಿ ಅದೊಂದೇ. ಆ ತುಂಡನ್ನು ಪಕ್ಕದ ಕೋಶ ಹೀರಿಕೊಂಡಿತು.

ಆ ಕೋಶದ ಹಿಂಬಾಗಿಲಲ್ಲೂ ದಾರಿ ತಪ್ಪಿದವನೊಬ್ಬ ನಿಂತಿರಬಹುದು. ನಾನು ಕತ್ತರಿಸಿದ್ದು ಅವನ ಮೈ ಸವರಿಕೊಂಡು ಹೋಗಲಿ. ನೋಡಿ ಕರುಬಲಿ.