ಶಾಲಿನ ಜೊತೆ ಕೊಟ್ಟ ಅಡ್ಮಿನ್ ಪದವಿ

ನಮ್ಮ ಕಡೆ ದೊಡ್ಡವರು ಮುನಿಸಿಕೊಂಡರೆ ಸಮಾಧಾನ ಮಾಡಲು ಒಂದೇ ದಾರಿ. ಶಾಲು ಹೊದಿಸಿ ಒಂದು ಪದವಿ ಕೊಟ್ಟುಬಿಡಬೇಕು. ನಾನೂ ಅದನ್ನೇ ಮಾಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಹಗರಿಬೊಮ್ಮನಹಳ್ಳಿಯ ನಮ್ಮ ಯುವ ಬಳಗದಲ್ಲಿ ಅರವತ್ತು ಮಕ್ಕಳು. ಪ್ರತಿ ಭಾನುವಾರ ಖೋಖೋ ಆಡಿಸುತ್ತೇವೆ, ಪಾಠ ಹೇಳಿಕೊಡುತ್ತೇವೆ. ಹಾಜರಿ, ವಿಳಾಸ, ಯಾರ ಮನೆಯಲ್ಲಿ ಏನು ತೊಂದರೆ, ಎಲ್ಲವೂ ಒಂದು ಆ್ಯಪ್‌ನಲ್ಲಿರುತ್ತದೆ. ಸದಸ್ಯರಿಗೆ ಅವರವರ ಹಾಜರಿಯಷ್ಟೇ ಕಾಣುತ್ತದೆ. ಅಡ್ಮಿನ್ ಆದವರಿಗೆ ಎಲ್ಲರ ಗುಟ್ಟೂ ಕಾಣುತ್ತದೆ. ಅಡ್ಮಿನ್ ಇದ್ದದ್ದು ನಾನು ಮತ್ತು ನನ್ನ ಜೊತೆ ಬಳಗ ನಡೆಸುವ ಮೈಲಾರೇಶ್ ಮಾತ್ರ. ಯಾರಿಗೆ ಯಾವ ಅನುಮತಿ ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ಒಂದು ಶನಿವಾರ ಬಳಗದ ಹುಡುಗಿ, ತಂಬ್ರಹಳ್ಳಿಯ ಭೂಮಿಕಾ ನನ್ನ ಹತ್ತಿರ ಬಂದಳು. ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ.

"ಅಕ್ಕ, ಮನ್ಯಾಗ ಮದುವಿ ಗೊತ್ತು ಮಾಡ್ಯಾರ. ನಾ ಒಲ್ಲೆ. ನಾ ನಿನಗ ಹೇಳೀನಿ ಅಂತ ಅಪ್ಪಗ ತಿಳದ್ರ ನನ್ನ ಬಿಡಂಗಿಲ್ಲ."

ಸೋಮವಾರ ಕಾಲೇಜಿನಿಂದಲೇ ಅವಳನ್ನು ಮಕ್ಕಳ ರಕ್ಷಣಾ ಅಧಿಕಾರಿಯ ಬಳಿ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅವಳು ಹೋದ ಮೇಲೆ, ಬಳಗದ ನಿಯಮದಂತೆ, ಆ್ಯಪ್‌ನಲ್ಲಿ ಅವಳ ಹೆಸರಿನ ಕೆಳಗೆ ಎಲ್ಲವನ್ನೂ ಬರೆದಿಟ್ಟೆ.

ಮರುದಿನ ಬಳಗದ ವಾರ್ಷಿಕೋತ್ಸವ. ಗೌರವಾಧ್ಯಕ್ಷರು ಬಟ್ಟೆ ಅಂಗಡಿಯ ಏಕಾಂತಪ್ಪನವರು. ನಾವು ಸೇರುವ ಹಾಲ್ ಅವರದೇ. ಬಂದವರೇ ಮುಖ ಗಂಟಿಕ್ಕಿಕೊಂಡು ಫೋನ್ ನನ್ನ ಮುಂದೆ ಹಿಡಿದರು.

"ಏನವಾ ಗಂಗಾಂಬಿಕಾ, ಇದರಾಗ ನನ್ನ ಹೆಸರಿನ ಮುಂದ ಸದಸ್ಯ ಅಂತ ಐತಲ್ಲ? ಖೋಖೋ ಆಡೋ ಹುಡುಗರ ಸಾಲಿನಾಗ ಕುಂದರ್ಸೀದಿ ನನ್ನ! ಹಂಗಾರ ಹಾಲ್ ಬ್ಯಾರೆ ಕಡೆ ನೋಡ್ಕಳ್ರಿ."

ಮೈಲಾರೇಶ್ ನನ್ನ ಕಿವಿಯಲ್ಲಿ, "ಅಕ್ಕ, ಹೆಸರಿಗೆ ಗೌರವಾಧ್ಯಕ್ಷ ಅಂತ ಬರೀರಿ ಸಾಕು. ಅಡ್ಮಿನ್ ಮಾಡಬ್ಯಾಡ್ರಿ" ಎಂದ.

"ಸುಮ್ನಿರಲೇ, ಅವರೇನು ತೆಗದು ನೋಡ್ತಾರ?" ಎಂದು ಗದರಿದೆ.

ಶಾಲು ಹೊದಿಸಿದೆವು. ಮೈಕಿನಲ್ಲಿ ಸಾರಿ, ವೇದಿಕೆಯ ಮೇಲೆಯೇ ನನ್ನ ಕೈಯಾರೆ ಅವರನ್ನು ಅಡ್ಮಿನ್ ಮಾಡಿದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಭೂಮಿಕಾನೂ ತಟ್ಟಿದಳು.

ಸೋಮವಾರ ಅವಳು ಕಾಲೇಜಿಗೆ ಬರಲಿಲ್ಲ. ಅಧಿಕಾರಿಯನ್ನು ಕರೆದುಕೊಂಡು ತಂಬ್ರಹಳ್ಳಿಗೆ ಓಡಿದರೆ ಮನೆಗೆ ಬೀಗ. ಹರಪನಹಳ್ಳಿ ಕಡೆ ನೆಂಟರ ಊರಿಗೆ ಹೋಗಿದ್ದಾರೆ ಎಂದರು ಅಕ್ಕಪಕ್ಕದವರು, ಯಾವ ಊರು ಎಂದು ಯಾರೂ ಬಾಯಿ ಬಿಡಲಿಲ್ಲ. ನಾವು ಪತ್ತೆ ಹಚ್ಚಿದ್ದು ಗುರುವಾರ. ಬುಧವಾರವೇ ತಾಳಿ ಕಟ್ಟಿ ಮುಗಿಸಿದ್ದರು.

ನಾನು ಬರೆದಿಟ್ಟದ್ದು ನನಗೂ ಮೈಲಾರೇಶನಿಗೂ ಬಿಟ್ಟರೆ ಕಾಣುತ್ತಿದ್ದದ್ದು ಒಬ್ಬರಿಗೇ. ನೇರ ಏಕಾಂತಪ್ಪನವರ ಅಂಗಡಿಗೆ ನುಗ್ಗಿದೆ. ಅವರೇನೂ ಮುಚ್ಚಿಡಲಿಲ್ಲ.

"ಹೌದವಾ, ನಾನೇ ಫೋನ್ ಮಾಡ್ದೆ. ನಿನ್ನ ಮಗಳು ಹಿಂಗ ಅಂದಾಳ, ಕೂಡಿಸ್ಕಂಡು ಬುದ್ಧಿ ಹೇಳಪ ಅಂದೆ. ಹೆತ್ತ ಅಪ್ಪಗ ಹೇಳಬಾರದೇನು? ನೋಡ್ಕಳ್ರಿ ಅಂತ ತಾನ ನನ್ನ ಅಡ್ಮಿನ್ ಮಾಡಿದ್ದು ನೀವು?"

ಅವರ ಮುಂದೆಯೇ ಆ ಪದವಿ ಕಿತ್ತುಹಾಕಿದೆ. ಮುಂದಿನ ಭಾನುವಾರ ಬಳಗದ ಸಮಿತಿ ಸೇರಿತು. ಹಿರಿಯರಿಗೆ ಅವಮಾನ ಮಾಡಿದ್ದೀಯ, ತಪ್ಪಾಯಿತು ಅನ್ನು ಎಂದು ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. ಭೂಮಿಕಾಳ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಥೂ, ಇವರ ಜನ್ಮಕ್ಕೆ! ನಾನು ತಪ್ಪಾಯಿತು ಅನ್ನದೆ ಎದ್ದು ಬಂದೆ.

ಅವಳ ಅಪ್ಪನ ಮೇಲೆ ಕೇಸಾಯಿತು. ಅವಳನ್ನು ಬಾಲಮಂದಿರಕ್ಕೆ ಕಳಿಸಿದರು. ನೋಡಲು ಹೋದೆ. ಬೆಂಚಿನ ಆ ತುದಿಯಲ್ಲಿ ಕೂತಳು. ಏಕಾಂತಪ್ಪನವರು ಹೀಗೆ ಮಾಡಿಬಿಟ್ಟರು ಎಂದು ಹೇಳತೊಡಗಿದೆ. ಅವಳು ನಡುವೆಯೇ ತಡೆದಳು.

"ನಾ ನಿನಗ ಬಾಯಿಲೆ ಹೇಳಿದ್ದೆ ಅಕ್ಕ. ನೀ ಯಾಕ ಬರದಿಟ್ಟಿ?"